ತುಪ್ಪ ಹಚ್ಚಿದ ಬಂದೂಕು

ಸರ್ ತೀರಿಕೊಂಡ ಮೇಲೆ ನ್ಯೂಜೆರ್ಸಿಯ ಎಡಿಸನ್ನಿನ ಒಂದು ಹಾಲ್‌ನಲ್ಲಿ ಗೆಳೆಯರೆಲ್ಲ ಸೇರಿ ಸಭೆ ಮಾಡಿದರು. ಒಂಬತ್ತು ಜನ ಮಾತಾಡಿದರು. ಶಿಸ್ತು, ಸಮಯಪಾಲನೆ, ಸಸ್ಯಾಹಾರ, ದಾಸರ ಪದ ಎಲ್ಲ ಬಂದುಹೋದವು. ಒಂಬತ್ತನೆಯವರು ಗಂಟಲು ಸರಿಮಾಡಿಕೊಂಡು, "ಜೀವಮಾನದಲ್ಲಿ ಒಂದೇ ಒಂದು ಸುಳ್ಳನ್ನೂ ಹೇಳಿದ ಮನುಷ್ಯ ಅಲ್ಲ ಅವರು" ಎಂದರು. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಆಂಟಿ, ಅಂದರೆ ಸರ್ ಅವರ ಹೆಂಡತಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನ್ನ ಕಡೆ ಬಾಗಿ ಮೆಲ್ಲಗೆ, "ಒಂದ ಹೇಳ್ಯಾರ" ಎಂದರು.

ನನಗೆ ತಡೆಯಲಾಗಲಿಲ್ಲ. ಅವರಿಗೂ ತಡೆಯಲಾಗಲಿಲ್ಲ. ಇಬ್ಬರೂ ತಲೆ ತಗ್ಗಿಸಿ ಹೆಗಲು ಕುಣಿಸುತ್ತ ಕೂತದ್ದನ್ನು ನೋಡಿ ಹಿಂದಿನ ಸಾಲಿನವರು ಟಿಶ್ಯೂ ಡಬ್ಬ ದಾಟಿಸಿದರು. ಯಾರೋ ನೀರು ತಂದರು. ಪ್ಲೇನ್ಸ್‌ಬರೋದಿಂದ ಬಂದಿದ್ದ ಡಾಕ್ಟರೊಬ್ಬರು ಆಂಟಿಯ ನಾಡಿ ಹಿಡಿದು ನೋಡಿದರು. ಆ ದಿನ ನಾವಿಬ್ಬರೂ ಬಿಕ್ಕಿ ಬಿಕ್ಕಿ ಅತ್ತೆವೆಂದು ನಮ್ಮ ಕಡೆಯ ಕನ್ನಡಿಗರೆಲ್ಲ ಇವತ್ತಿಗೂ ನಂಬಿದ್ದಾರೆ. ಅದು ಹಾಗಲ್ಲ ಎಂದು ಹೇಳುವುದಕ್ಕೆ ಆಂಟಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಬಾಸ್ಕಿಂಗ್ ರಿಡ್ಜ್‌ನ ಒಂದು ಕಂಪನಿಯ ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ ನಾನು ಹನ್ನೊಂದು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ತಕ್ಕಡಿ, ಥರ್ಮಾಮೀಟರು, ಗೇಜು ಇವೆಲ್ಲ ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸುವುದು ನಮ್ಮ ಕೆಲಸ. ಸರ್ ಧಾರವಾಡದವರು, ನಾನು ಮೈಸೂರಿನವಳು. ಮೊದಲ ಆರು ತಿಂಗಳು ಅವರು ನನ್ನನ್ನು ಬೈಯುತ್ತಿದ್ದಾರೋ ಮಾತಾಡಿಸುತ್ತಿದ್ದಾರೋ ನನಗೆ ತಿಳಿಯುತ್ತಿರಲಿಲ್ಲ. ತಿಳಿದ ಮೇಲೆ ಗೊತ್ತಾಯಿತು, ಬೈಯುತ್ತಲೇ ಇದ್ದರು.

ಆದರೆ ಆ ಬೈಗುಳಕ್ಕೆ ಒಂದು ಕ್ರಮವಿತ್ತು. ಯಾವುದೇ ಉಪಕರಣ ತಪ್ಪು ತೋರಿಸಿದರೆ ನಮ್ಮ ಫಾರಂನಲ್ಲಿ ಎರಡೇ ಕಲಂ: ಉಪಕರಣದ ದೋಷ, ಓದಿದವರ ದೋಷ. "ಹತ್ತರಾಗ ಒಂಬತ್ತ ಸಲ ಓದಿದವರದ ಇರತದ. ಮೊದಲ ನಿನ್ನ ಕಣ್ಣ ನೋಡಕೋ, ಆಮ್ಯಾಲೆ ಸ್ಕ್ರೂಡ್ರೈವರ್ ಹಿಡಿ" ಎನ್ನುತ್ತಿದ್ದರು. ಮೂರು ಸಲ ರೀಡಿಂಗ್ ತೆಗೆಯದೆ ಯಾವುದನ್ನೂ ಮುಟ್ಟುವ ಹಾಗಿರಲಿಲ್ಲ. ರೀಡಿಂಗ್ ತೆಗೆಯುವವರೇ ಅದನ್ನು ಬರೆಯುವ ಹಾಗೂ ಇರಲಿಲ್ಲ, ಏಕೆಂದರೆ ಮನುಷ್ಯ ತನಗೆ ಬೇಕಾದ್ದನ್ನು ಬರೆದುಕೊಳ್ಳುತ್ತಾನೆ ಎಂಬುದು ಅವರ ದೃಢವಾದ ನಂಬಿಕೆ. ಹಾಗಾಗಿ ಹನ್ನೊಂದು ವರ್ಷ ಅವರು ಓದಿದರು, ನಾನು ಬರೆದೆ.

ಈ ಚಟ ಲ್ಯಾಬಿನ ಬಾಗಿಲಿಗೆ ನಿಲ್ಲುತ್ತಿರಲಿಲ್ಲ. ಯುಗಾದಿ ಊಟಕ್ಕೆ ಎಲ್ಲರೂ ಒಂದೊಂದು ಟ್ರೇ ತಂದರೆ ಸರ್ ಜೇಬಿನಿಂದ ಸ್ಟೀಲ್ ಸ್ಕೇಲು ತೆಗೆದು ವಾಂಗಿಭಾತಿನ ಆಳ ಅಳೆದು, "ಎಪ್ಪತ್ತನೇ ಮನಷ್ಯಾಗ ಮುಗೀತದ" ಎಂದು ಘೋಷಿಸುತ್ತಿದ್ದರು. ಎಪ್ಪತ್ತೊಂದನೆಯವರಾಗಿ ನಿಂತಿದ್ದ ನನ್ನ ಗಂಡ ಒಮ್ಮೆ ಖಾಲಿ ಟ್ರೇ ಕೆರೆದು ಬಂದದ್ದುಂಟು. ಅವರ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿತ್ತು: ಸ್ಪೀಡಾಮೀಟರು ಎಷ್ಟು ತೋರಿಸಿದರೆ ನಿಜವಾದ ವೇಗ ಎಷ್ಟು ಎಂಬ ಪಟ್ಟಿ. 287 ಹೈವೇಯಲ್ಲಿ ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರೂ ಇವರು ಆ ಚೀಟಿ ನೋಡಿಕೊಂಡೇ ಹೋಗುತ್ತಿದ್ದರು.

ಇಂಥವರ ಪಕ್ಕದ ಮನೆಯಲ್ಲಿ ವಾಲ್ಟರ್ ಎಂಬ ಎಂಬತ್ತರ ಹತ್ತಿರದ ಅಮೆರಿಕನ್ ಅಜ್ಜ ಇದ್ದ. ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವನು. ಹಿತ್ತಲಲ್ಲಿ ಆರು ಕೋಳಿ, ಗರಾಜಿನ ಗೋಡೆಯಲ್ಲಿ ಒಂದು ಬಂದೂಕು. ಅದು ಅವನ ಅಪ್ಪ ಕೈಯಾರೆ ಮಾಡಿದ ಚಕಮಕಿ ಬಂದೂಕು. ಬಾಯಿಯಿಂದ ಮದ್ದು ಸುರಿದು, ಬಟ್ಟೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡನ್ನು ಕೋಲಿನಿಂದ ಒಳಕ್ಕೆ ತಳ್ಳಬೇಕು. ಟ್ರಿಗರ್ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ. ಪಕ್ಕದ ಪುಟ್ಟ ಬಟ್ಟಲಿನ ಮದ್ದು ಮುಖದ ಮುಂದೆಯೇ ಭುಸ್ ಎನ್ನುತ್ತದೆ, ಆಮೇಲೆ ಗುಂಡು ಹೋಗುತ್ತದೆ. ನ್ಯೂಜೆರ್ಸಿಯಲ್ಲಿ ಇಂಥ ಬಂದೂಕಿನಲ್ಲಿ ಜಿಂಕೆ ಬೇಟೆಯಾಡಲು ಚಳಿಗಾಲದಲ್ಲಿ ಬೇರೆಯೇ ಸೀಸನ್ ಇದೆ. ವಾಲ್ಟರನಿಗೆ ಆ ವರ್ಷ ಅಪ್ಪನ ಬಂದೂಕಿನಿಂದ ಒಂದು ಜಿಂಕೆ ಹೊಡೆಯಬೇಕಿತ್ತು. "ಮುಂದಿನ ವರ್ಷ ನನ್ನ ಮೊಣಕಾಲು ಗುಡ್ಡ ಹತ್ತೋದಿಲ್ಲ. ಆಗೋದಾದರೆ ಈ ಡಿಸೆಂಬರಿನಲ್ಲೇ ಆಗಬೇಕು" ಎಂದ.

ಎರಡು ಅಡ್ಡಿಗಳಿದ್ದವು. ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಹಿತ್ತಾಳೆಯ ಚೂರು, ಫ್ರಂಟ್ ಸೈಟ್, ಮುರಿದುಹೋಗಿ ಹೊಸದನ್ನು ಕೂರಿಸಿದ್ದ. ಹೊಸದು ಬೇಕೆಂದೇ ಎತ್ತರವಾಗಿರುತ್ತದೆ. ಗುಂಡು ಕೆಳಗೆ ಬೀಳುತ್ತದೆ. ಆ ಚೂರನ್ನು ಅರದಿಂದ ಸ್ವಲ್ಪ ಸ್ವಲ್ಪವೇ ತಿಕ್ಕಿದ ಹಾಗೆ ಗುಂಡು ಮೇಲೇರುತ್ತ ಬರುತ್ತದೆ. ಹೆಚ್ಚು ತಿಕ್ಕಿದರೆ ಮುಗಿಯಿತು, ಹೋದ ಹಿತ್ತಾಳೆ ವಾಪಸ್ ಬರುವುದಿಲ್ಲ. ಇನ್ನೊಂದು ಅಡ್ಡಿ, ವಾಲ್ಟರನಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆದಿದ್ದರು. ಡಿಸೆಂಬರಿನವರೆಗೆ ಬಂದೂಕನ್ನು ಹೆಗಲಿಗೆ ಇಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದ್ದರಿಂದ ಅವನು ತನ್ನ ಓವನ್ನಿನ ಥರ್ಮಾಮೀಟರು ಸರಿಮಾಡಿಕೊಟ್ಟಿದ್ದ ಪಕ್ಕದ ಮನೆಯ ಮನುಷ್ಯನ ಬಾಗಿಲು ತಟ್ಟಿದ.

ಸರ್ ಆವರೆಗೆ ಬಂದೂಕು ಮುಟ್ಟಿದವರಲ್ಲ. ಮೊಟ್ಟೆ ಹಾಕಿದ ಕೇಕ್ ಇರುವ ಬರ್ತ್‌ಡೇ ಪಾರ್ಟಿಯಲ್ಲಿ ಚಾಕು ಬದಲಾಯಿಸಿದರೋ ಇಲ್ಲವೋ ಎಂದು ಕೇಳುವವರು. ಅಂಥವರು ನನಗೆ ಫೋನ್ ಮಾಡಿ, "ಶನಿವಾರ ಖಾಲಿ ಇದ್ದಿಯೇನವಾ? ರೀಡಿಂಗ್ ಬರಕೋಬೇಕು. ಬಂದೂಕಿಂದು" ಎಂದಾಗ ನಾನು ಅವರಿಗೆ ಜ್ವರವೇ ಬಂದಿದೆಯೆಂದುಕೊಂಡೆ.

ಅಕ್ಟೋಬರಿನ ಆ ಶನಿವಾರ ಮೂವರೂ ವಾಲ್ಟರನ ಟ್ರಕ್ಕಿನಲ್ಲಿ ಪಶ್ಚಿಮದ ಗುಡ್ಡಗಳ ಕಡೆ ಇರುವ ಶೂಟಿಂಗ್ ರೇಂಜಿಗೆ ಹೊರಟೆವು. ದಾರಿಯಲ್ಲಿ ನಾನು ಕೇಳಿಯೇ ಬಿಟ್ಟೆ. "ಸರ್, ನೀವು ಇರುವೆನೂ ಕೊಲ್ಲಲ್ಲ. ಇದ್ಯಾಕೆ ಒಪ್ಕೊಂಡ್ರಿ?"

"ಅವಾ ಹೊಡೆಯೂದು ಹೊಡೀತಾನವಾ. ನಾ ಬ್ಯಾಡ ಅಂದ್ರ ಕೇಳ್ತಾನೇನು? ಗುರಿ ಬಿಟ್ಟ ಕೆಳಗ ಹೊಡೆಯೋ ಬಂದೂಕ ಹಿಡಕೊಂಡು ಹೋದ್ರ ಜಿಂಕಿ ಕಾಲ ಮುರೀತದ. ಮೂರ ದಿನ ನರಳಿ ಸಾಯ್ತದ. ಸರಿ ಇದ್ರ ಒಂದ ಕ್ಷಣ. ಅಷ್ಟ ನನ್ನ ಕೈಯಾಗ ಅದ."

ಸ್ವಲ್ಪ ಹೊತ್ತಾದ ಮೇಲೆ ಅವರೇ, "ನಿಮ್ಮ ಆಂಟಿಗೆ ಮಾತ್ರ ಹೇಳಬ್ಯಾಡ. ವಾಲ್ಟರನ ಮನ್ಯಾಗ ಒಂದ ಅಳತಿ ಕೆಲಸ ಅದ ಅಂತ ಹೇಳೀನಿ" ಎಂದರು. ಅಡುಗೆಮನೆಗೆ ಬಂದ ಇರುವೆಗಳನ್ನು ಸಕ್ಕರೆಯ ಗೆರೆ ಹಾಕಿ ಹೊರಗೆ ಕರೆದೊಯ್ಯುವ ಹೆಂಗಸು ಆಂಟಿ. ಬಂದೂಕು ಅಂದರೆ ಜೀವಮಾನವಿಡೀ ಮಾತು ಬಿಟ್ಟಾರು ಎಂದು ಸರ್ ಲೆಕ್ಕ ಹಾಕಿದ್ದರು.

ರೇಂಜಿನಲ್ಲಿ ಮೊದಲ ವಿಘ್ನ ಗುಂಡಿಗೆ ಮೊದಲೇ ಬಂತು. ಗುಂಡನ್ನು ಸುತ್ತುವ ಬಟ್ಟೆಗೆ ಜಿಡ್ಡು ಹಚ್ಚಬೇಕು, ಇಲ್ಲವಾದರೆ ಅದು ನಳಿಗೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ವಾಲ್ಟರ್ ಒಂದು ತಗಡಿನ ಡಬ್ಬಿ ಕೊಟ್ಟ. ಸರ್ ಕನ್ನಡಕ ಏರಿಸಿ ಅದರ ಲೇಬಲ್ ಓದಿದರು. ಇಪ್ಪತ್ತೈದು ವರ್ಷದಿಂದ ಬಿಸ್ಕೆಟ್ಟಿನ ಪೊಟ್ಟಣವನ್ನೂ ಓದದೆ ತೆರೆದವರಲ್ಲ. ಮೇಣ ಮತ್ತು ದನದ ಕೊಬ್ಬು ಎಂದಿತ್ತು. ಡಬ್ಬಿಯನ್ನು ಎರಡೇ ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟರು.

"ನಾವು ಬಂದಿರುವುದು ಬೇಟೆಯ ತಯಾರಿಗೆ, ಗೊತ್ತಲ್ಲ?" ಎಂದ ವಾಲ್ಟರ್.

"ಗೊತ್ತದ. ಇದನ್ನ ಮುಟ್ಟೂದಿಲ್ಲ" ಎಂದು ಸರ್ ನನ್ನ ಮುಖ ನೋಡಿ ಕನ್ನಡದಲ್ಲೇ ಹೇಳಿದರು. ನಾನು ಅನುವಾದಿಸಿದೆ.

ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಊಟದ ಚೀಲ ತೆರೆದರು. ಚಪಾತಿ, ಶೇಂಗಾ ಚಟ್ನಿ, ಅದರ ಕೆಳಗೆ ಆಂಟಿ ಕಾಯಿಸಿದ ತುಪ್ಪದ ಸ್ಟೀಲ್ ಡಬ್ಬಿ. ಆ ಡಬ್ಬಿಯ ಮೇಲೆ ಆಂಟಿಯ ಹೆಸರು ಮತ್ತು ಮದುವೆಯ ತಾರೀಖು ಕೊರೆದಿತ್ತು. ತಮ್ಮ ಹಳೆಯ ಪಂಚೆಯಿಂದ ಕತ್ತರಿಸಿ ತಂದಿದ್ದ ಕೈ ಒರೆಸುವ ತುಂಡಿಗೆ ಒಂದು ಚಮಚ ತುಪ್ಪ ಸವರಿದರು. ಬೆರಳಲ್ಲಿ ಉಜ್ಜಿ ನೋಡಿದರು. ಪಂಚೆಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದರು, ಅದನ್ನೂ ತಂದಿದ್ದರು. ಗುಂಡು ಪಂಚೆ ಉಟ್ಟುಕೊಂಡು, ತುಪ್ಪ ಹಚ್ಚಿಕೊಂಡು ನಳಿಗೆಯೊಳಗೆ ಸಲೀಸಾಗಿ ಇಳಿಯಿತು. ವಾಲ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡ.

ಸರ್ ಬೆಂಚಿನ ಮೇಲೆ ಕೂತರು. ಶ್ರೀಹರಿ ಎಂದರು. ಭುಸ್, ಧಡ್. ಬಿಳಿ ಹೊಗೆಯಲ್ಲಿ ಸರ್ ಮಾಯವಾದರು. ಹೊಗೆ ಚದುರಿದ ಮೇಲೆ ಇಡೀ ರೇಂಜು ತುಪ್ಪ ಸುಟ್ಟ ವಾಸನೆಯಲ್ಲಿ ತುಂಬಿತ್ತು. ನನಗೆ ಹೋಮದ ನೆನಪಾಯಿತು. ಅಕ್ಕಪಕ್ಕದ ಬೆಂಚಿನ ಅಮೆರಿಕನ್ನರು ಬಂದೂಕು ಕೆಳಗಿಟ್ಟು ಮೂಗು ಎತ್ತಿ ನೋಡುತ್ತಿದ್ದರು. ರೇಂಜಿನ ಮೇಲ್ವಿಚಾರಣೆಗೆ ನಿಂತಿದ್ದ ಕಿತ್ತಳೆ ಜಾಕೆಟ್ಟಿನ ಹೆಂಗಸು ನಮ್ಮ ಹತ್ತಿರ ಬಂದು ಯಾರಾದರೂ ಇಲ್ಲಿ ಪಾಪ್‌ಕಾರ್ನ್ ಮಾಡುತ್ತಿದ್ದೀರಾ ಎಂದು ವಿಚಾರಿಸಿದಳು.

ಮೂರು ಗುಂಡು ಮೂರು ದಿಕ್ಕಿಗೆ ಹೋಗಿದ್ದವು. ಒಂದಂತೂ ಪಕ್ಕದವರ ಟಾರ್ಗೆಟ್ಟಿನಲ್ಲಿತ್ತು. ವಾಲ್ಟರ್ ಅರ ತೆಗೆಯಲು ಹೋದ. ಸರ್ ಕೈ ಅಡ್ಡ ಹಿಡಿದರು. "ಬಂದೂಕಿನ ದೋಷ ಅಲ್ಲ. ಬಟ್ಟಲದಾಗ ಬೆಂಕಿ ಹತ್ತಿದ ಕೂಡ್ಲೆ ನಾ ಕಣ್ಣ ಮುಚ್ಚಲಿಕತ್ತೀನಿ. ಬರಕೋ. ಓದಿದವರ ದೋಷ."

ಅದಕ್ಕೆ ವಾಲ್ಟರನ ಬಳಿ ಮದ್ದಿತ್ತು. ಚಕಮಕಿ ಕಲ್ಲಿನ ಜಾಗದಲ್ಲಿ ಮರದ ತುಂಡು ಸಿಕ್ಕಿಸಿದರೆ ಕಿಡಿಯಿಲ್ಲದೆ ಟ್ರಿಗರ್ ಎಳೆದು ಅಭ್ಯಾಸ ಮಾಡಬಹುದು. ಸರ್ ಎರಡು ವಾರ ಪ್ರತಿ ಸಂಜೆ ವಾಲ್ಟರನ ಗರಾಜಿನಲ್ಲಿ ಕೂತು, ಗೋಡೆಗೆ ಅಂಟಿಸಿದ ಕಡಲೆಬೇಳೆಯೊಂದಕ್ಕೆ ಗುರಿಯಿಟ್ಟು ಟಕ್ ಟಕ್ ಎನ್ನಿಸಿದರು. ಕೋಳಿಗಳು ಮೊದಲ ಎರಡು ದಿನ ಹೆದರಿ ಆಮೇಲೆ ಹತ್ತಿರವೇ ಬಂದು ಕೂರತೊಡಗಿದವಂತೆ.

ಎರಡನೆಯ ಸಲ ಹೋದಾಗ ಮೂರೂ ಗುಂಡು ಒಂದು ನಿಪ್ಪಟ್ಟಿನಷ್ಟು ಜಾಗದಲ್ಲಿ ಬಿದ್ದವು. ಐವತ್ತು ಗಜ ದೂರದಲ್ಲಿ ಆರು ಇಂಚು ಕೆಳಗೆ, ನಾಲ್ಕು ಇಂಚು ಎಡಕ್ಕೆ. ಸರ್ ಮುಖ ಅರಳಿತು. ಕಣ್ಣಿನ ಹತ್ತಿರ ಬರುವ ಹಿಂದಿನ ಸೈಟನ್ನು ಬಲಕ್ಕೆ ಎರಡು ಮಿಲಿಮೀಟರಿನಷ್ಟು ತಟ್ಟಿ ಎಡಬಲದ ತಕರಾರನ್ನು ಆ ದಿನವೇ ಮುಗಿಸಿದರು. ಆಮೇಲೆ ಎರಡು ಸೈಟುಗಳ ನಡುವಿನ ಅಂತರ ಅಳೆದು ಲೆಕ್ಕ ಮಾಡಿದರು. "ಒಂದ ಇಂಚ ಮ್ಯಾಲೆ ಬರಬೇಕಂದ್ರ ಅರ್ಧ ಮಿಲಿಮೀಟರ್ ತಿಕ್ಕಬೇಕು. ಆರ ಇಂಚಿಗೆ ಮೂರ ಮಿಲಿಮೀಟರ್."

"ಹಾಗಾದರೆ ಮೂರು ಮಿಲಿಮೀಟರ್ ತಿಕ್ಕಿಬಿಡು" ಎಂದ ವಾಲ್ಟರ್.

"ಲೆಕ್ಕ ನಂದು. ಹಿತ್ತಾಳಿ ನಿಮ್ಮಪ್ಪನ ಬಂದೂಕಿಂದು" ಎಂದರು ಸರ್. ಹತ್ತು ಸಲ ಅರ ಆಡಿಸುವುದು, ಮೂರು ಗುಂಡು ಹಾರಿಸುವುದು, ನಾನು ಬರೆದುಕೊಳ್ಳುವುದು. ಅಂದು ಮುಗಿದಾಗ ಇನ್ನೂ ನಾಲ್ಕು ಇಂಚು ಕೆಳಗೇ ಇತ್ತು. ಸೀಸನ್ನಿಗೆ ನಾಲ್ಕು ವಾರ ಉಳಿದಿತ್ತು.

ಇಷ್ಟರಲ್ಲಿ ಆಂಟಿಯ ಫೋನ್ ಬಂತು.

"ಒಂದ ಮಾತ ಕೇಳ್ತೀನಿ, ಖರೇ ಹೇಳಬೇಕ ನೀ. ಶನಿವಾರ ಇವರು ಮನಿಗೆ ಬಂದ್ರಂದ್ರ ಅಂಗಿ ತತ್ತಿ ನಾರತದ. ಕೊಳತ ತತ್ತಿ."

ವಿಷಯ ಇಷ್ಟೇ. ಕರಿಮದ್ದು ಸುಟ್ಟ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆಯಬೇಕು, ತೊಳೆದರೆ ಮದ್ದಿನ ಗಂಧಕ ಥೇಟ್ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ವಾಲ್ಟರನ ಗರಾಜಿನಲ್ಲಿ ಆ ಕೆಲಸ ಮುಗಿಸಿ ಸರ್ ಸೀದಾ ಮನೆಗೆ ಹೋಗುತ್ತಿದ್ದರು.

"ತುಪ್ಪದ ಡಬ್ಬಿನೂ ಕಾಣವಲ್ದು. ಕೇಳಿದ್ರ ವಾಲ್ಟರನ ಮನ್ಯಾಗ ಅದ ಅಂತಾರ. ಅವಗ ಯಾಕ ಬೇಕು ತುಪ್ಪ? ಹಿತ್ತಲದಾಗ ಕೋಳಿ ಸಾಕ್ಯಾನ. ಅಲ್ಲಿ ಕೂತು ನನ್ನ ತುಪ್ಪದಾಗ ಆಮ್ಲೆಟ್ ಮಾಡಿಕೊಂಡ ತಿಂತಾರೇನು?"

ತತ್ತಿಗಿಂತಲೂ ಅದನ್ನು ತಮ್ಮ ತುಪ್ಪದಲ್ಲಿ ಕರಿದರೆಂಬುದೇ ಅವರನ್ನು ಹೆಚ್ಚು ನೋಯಿಸಿತ್ತು. ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು. "ನಂಗೇನೂ ಗೊತ್ತಿಲ್ಲ ಆಂಟಿ, ನೀವು ಸರ್‌ನೇ ಕೇಳಿ" ಎಂದು ಫೋನ್ ಇಟ್ಟೆ. ಅಂಥ ಹೇಡಿತನವನ್ನು ನಾನು ಇನ್ನೆಂದೂ ಮಾಡಿಲ್ಲ.

ಮುಂದಿನ ಶನಿವಾರ ಸರ್ ಟ್ರಕ್ಕಿನ ಹತ್ತಿರ ನನಗಾಗಿ ಕಾಯುತ್ತಿದ್ದರು. ಮುಖ ಇಳಿದಿತ್ತು. "ಒಪ್ಪಿಕೊಂಡೆ" ಎಂದರು.

"ಒಳ್ಳೇದಾಯ್ತು ಬಿಡಿ ಸರ್. ಬಂದೂಕಿನ ವಿಷಯ ಎಷ್ಟು ದಿನ ಅಂತ ಮುಚ್ಚಿಡೋದು?"

"ಬಂದೂಕಲ್ಲವಾ. ತತ್ತಿ."

"ಮೊಟ್ಟೆನಾ? ತಿಂದೇ ಇಲ್ವಲ್ಲ ಸರ್!" ಎಂದೆ.

"ತತ್ತಿ ಅಂದ್ರ ಒಂದ ತಿಂಗಳ ಸಿಟ್ಟಾಗ್ತಾಳ. ಬಂದೂಕ ಅಂದ್ರ ಸಾಯೂತನಕ. ಲೆಕ್ಕ ಹಾಕಿ ನೋಡಿದೆ."

"ಎಷ್ಟು ಮೊಟ್ಟೆ ಅಂದ್ರಿ?"

"ಒಂದು. ಮೂರ ಅಂದ್ರ ರೂಢಿ ಅದ ಅಂತಾಳ."

ಶಿಕ್ಷೆ ಜಾರಿಯಾಗಿತ್ತು. ಸರ್‌ಗೆ ಬೇರೆ ತಟ್ಟೆ, ಬೇರೆ ಲೋಟ, ಅವೆರಡಕ್ಕೂ ವಾಷಿಂಗ್ ಮೆಷೀನಿನ ಮೇಲೆ ಜಾಗ. ದೇವರ ಕೋಣೆಗೆ ಪ್ರವೇಶವಿಲ್ಲ. ಅನ್ನಕ್ಕೆ ತುಪ್ಪವಿಲ್ಲ. ಊಟದ ಚೀಲವೂ ನಿಂತಿತ್ತು. ನಾನು ಎಡಿಸನ್ನಿನ ಅಂಗಡಿಯಿಂದ ಒಂದು ಬಾಟಲಿ ತುಪ್ಪ ತಂದು ಬಂದೂಕಿಗೆ ಇದನ್ನೇ ಹಚ್ಚಿ ಎಂದರೆ, "ನಡುವ ತುಪ್ಪ ಬದಲ ಮಾಡಿದ್ರ ರೀಡಿಂಗ್ ಬದಲಾಗ್ತದ" ಎಂದು ಒಪ್ಪಲಿಲ್ಲ. ವಾಲ್ಟರನ ಗರಾಜಿನಲ್ಲಿ ಉಳಿದಿದ್ದ ಆಂಟಿಯ ಅರ್ಧ ಡಬ್ಬಿಯನ್ನೇ ಗುಂಡಿಗೆ ಇಷ್ಟೆಂದು ಹಂಚಿಟ್ಟುಕೊಂಡರು. ತಮ್ಮ ಅನ್ನಕ್ಕೆ ಅದರಿಂದ ಒಂದು ತೊಟ್ಟೂ ಹಾಕಿಕೊಳ್ಳಲಿಲ್ಲ.

ಆ ಶನಿವಾರ ಮೂರು ಗುಂಡು ಮತ್ತೆ ಮೂರು ದಿಕ್ಕಿಗೆ ಹೋದವು. ಇನ್ನೊಮ್ಮೆ ಹಾರಿಸಿದರು, ಅದೇ ಕಥೆ. ವಾಲ್ಟರ್ ಪಾಪ ಏನೂ ಗೊತ್ತಿಲ್ಲದೆ ಬಂದೂಕನ್ನು ತಿರುಗಿಸಿ ನೋಡುತ್ತಿದ್ದ. ಸೀಸನ್ ಹತ್ತಿರ ಬರುತ್ತಿತ್ತು, ಅವನ ಮುಖದಲ್ಲಿ ಅದು ಕಾಣುತ್ತಿತ್ತು. ಸರ್ ಬಂದೂಕು ಕೆಳಗಿಟ್ಟು ಬಹಳ ಹೊತ್ತು ತಮ್ಮ ಕೈ ನೋಡಿಕೊಂಡರು. ಆಮೇಲೆ, "ಪುಸ್ತಕ ತಾ" ಎಂದರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಅಂದಿನ ಪುಟದ ಕೆಳಗೆ ಬರೆದರು: "ಮನೆಯಲ್ಲಿ ಕೊಟ್ಟ ರೀಡಿಂಗ್. ತತ್ತಿ: 1. ತಪ್ಪು. ತಿದ್ದುವುದು ಬಾಕಿ." ನಮ್ಮ ಲ್ಯಾಬಿನಲ್ಲಿ ತಪ್ಪು ಬರೆದದ್ದನ್ನು ಅಳಿಸುವಂತಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು, ಸಾಕ್ಷಿಯ ಸಹಿಯೂ ಬೇಕು. ಅಲ್ಲಿಯವರೆಗೆ ಅದು ಬಾಕಿ. "ಸೀಸನ್ ಮುಗದ ಮ್ಯಾಲೆ ಆಕಿ ಮುಂದನ ತಿದ್ದತೀನಿ" ಎಂದು ಪುಸ್ತಕ ವಾಪಸ್ ಕೊಟ್ಟು, ಶ್ರೀಹರಿ ಎಂದು ಕೂತರು. ಮೂರು ಗುಂಡು ನಿಪ್ಪಟ್ಟಿನಷ್ಟು ಜಾಗದೊಳಗೆ ಬಿದ್ದವು. ಇದನ್ನು ನಾನು ಸೇರಿಸಿ ಹೇಳುತ್ತಿಲ್ಲ, ಬರೆದುಕೊಂಡವಳು ನಾನೇ.

ಮುಂದಿನ ಎರಡು ಶನಿವಾರಗಳಲ್ಲಿ ಹಿತ್ತಾಳೆ ಚೂರಿನ ಎತ್ತರ ಇಳಿಯುತ್ತ, ಗುಂಡು ಏರುತ್ತ ಬಂತು. ಎರಡು ಇಂಚು, ಒಂದು ಇಂಚು, ಅರ್ಧ ಇಂಚು. ವಾಲ್ಟರ್ ಇನ್ನು ಸಾಕು ಎಂದ. ಆಗ ಸರ್‌ಗೆ ಒಂದು ಹೊಸ ಸಂಶಯ ಬಂತು. ನಾವು ಹಾರಿಸುತ್ತಿದ್ದದ್ದು ಬಿಸಿಯಾದ, ಮಸಿ ಹಿಡಿದ ನಳಿಗೆಯಿಂದ. "ಜಿಂಕಿಗೆ ಬೀಳೂದು ಮೊದಲನೇ ಗುಂಡು. ಸ್ವಚ್ಛ ನಳಿಗಿ, ತಣ್ಣಗ ಇರೂದು. ಎರಡನೇದಕ್ಕ ಅದೇನ ನಿಂತಿರತದೇನು?" ಹಾಗಾಗಿ ಕೊನೆಯ ಶನಿವಾರವಿಡೀ ಕಳೆದದ್ದು ಮೂರೇ ಗುಂಡುಗಳಲ್ಲಿ. ಒಂದು ಹಾರಿಸುವುದು, ನಳಿಗೆ ತೊಳೆಯುವುದು, ತಣ್ಣಗಾಗಲು ಗಂಟೆಗಟ್ಟಲೆ ಕಾಯುವುದು, ಇನ್ನೊಂದು. ಚಳಿಯಲ್ಲಿ ನನ್ನ ಬೆರಳು ಮರಗಟ್ಟಿ ಪೆನ್ನು ನಿಲ್ಲುತ್ತಿರಲಿಲ್ಲ. ಡಾಕ್ಟರ ಅಪ್ಪಣೆ ಸಿಕ್ಕಿದ್ದ ವಾಲ್ಟರ್ ಮೂರನೆಯದನ್ನು ತಾನೇ ಹಾರಿಸಿದ. ಮೂರೂ ನಟ್ಟನಡುವೆ ಬಿದ್ದವು. ಕೊನೆಯ ಗುಂಡಿಗೆ ಡಬ್ಬಿಯ ತಳ ಕೆರೆದಿದ್ದೆವು, ಬೇಟೆಗೆ ಒಂದೇ ಒಂದು ಬಟ್ಟೆಯ ತುಂಡಿಗೆ ಆಗುವಷ್ಟು ತುಪ್ಪ ಉಳಿದಿತ್ತು.

"ಒಂದ ಸಾಕು. ಎರಡ ಬೇಕಾದ್ರ ನಾ ಕೆಲಸ ಸರಿ ಮಾಡಿಲ್ಲಂತ ಅರ್ಥ" ಎಂದರು ಸರ್.

ವಾಲ್ಟರ್ ಬೇಟೆಗೆ ಹೋದ ದಿನ ಸರ್ ನನ್ನನ್ನು ಮನೆಗೆ ಕರೆಸಿಕೊಂಡರು, ಕೊನೆಯ ರೀಡಿಂಗ್ ಬರೆದುಕೊಳ್ಳುವುದಕ್ಕೆ. ಅಂದು ಏಕಾದಶಿಯಲ್ಲ, ಆದರೂ ಊಟ ಮಾಡಿರಲಿಲ್ಲ. ಕಿಟಕಿಯ ಹತ್ತಿರ ನಿಂತು ರಸ್ತೆ ನೋಡುವುದು, ಕೂರುವುದು, ಮತ್ತೆ ನಿಲ್ಲುವುದು. ಜಿಂಕೆ ಎಲ್ಲೋ ಕಾಲು ಮುರಿದುಕೊಂಡು ಪೊದೆಯಲ್ಲಿ ಬಿದ್ದಿದೆ ಎಂದೇ ಅವರು ಕಲ್ಪಿಸಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು. ಆಂಟಿ ಒಳಗಿನಿಂದ, "ಅವನ ದಾರಿ ಯಾಕ ಕಾಯ್ತೀರಿ? ಹಸಿವಿ ಆಗೇದೇನು?" ಎಂದು ಚುಚ್ಚಿದರು.

ಬೆಲ್ ಆಯಿತು. ಆಂಟಿಯೇ ಹೋಗಿ ಬಾಗಿಲು ತೆಗೆದರು. ವಾಲ್ಟರ್ ಕೆಸರು ಮೆತ್ತಿದ ಬೂಟಿನಲ್ಲಿ ನಿಂತಿದ್ದ. ಎರಡೂ ಕೈಯಲ್ಲಿ ತೊಳೆದು ಥಳಥಳಿಸುವ ತುಪ್ಪದ ಡಬ್ಬಿ ಹಿಡಿದಿದ್ದ. "ಖಾಲಿ ಪಾತ್ರೆ ವಾಪಸ್ ಕೊಡಬಾರದು ಅಂತ ನಿಮ್ಮ ಯಜಮಾನರು ಹೇಳಿದ್ದರು. ಮಾಂಸ ನೀವು ತಿನ್ನೋದಿಲ್ಲ, ಅದಕ್ಕೇ ಇದು" ಎಂದ.

ಆಂಟಿ ಮುಚ್ಚಳ ತೆಗೆದರು. ತಮ್ಮ ಹೆಸರು, ತಮ್ಮ ಮದುವೆಯ ತಾರೀಖು ಕೊರೆದ ಡಬ್ಬಿಯಲ್ಲಿ, ಪುಟ್ಟ ಹುಲ್ಲಿನ ಹಾಸಿನ ಮೇಲೆ ಮೂರು ಕಂದು ತತ್ತಿಗಳು ಕೂತಿದ್ದವು.

ಅವರು ಕಿರುಚಲಿಲ್ಲ. ಡಬ್ಬಿಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು, ಸರ್ ಕಡೆ ತಿರುಗಿ, "ಒಂದ ಅಂದಿದ್ರಿ. ಮೂರ ಅವ" ಎಂದರು.

ಸರ್ ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಅವರು ವಾಲ್ಟರನನ್ನೇ ನೋಡುತ್ತಿದ್ದರು. "ಎಷ್ಟು ಗುಂಡು?" ಎಂದು ಕೇಳಿದರು.

"ಒಂದೇ. ಎರಡು ಹೆಜ್ಜೆ ಇಟ್ಟಿತು, ಕೂತಿತು, ಮುಗಿಯಿತು. ಅಪ್ಪ ಇದ್ದಿದ್ದರೆ ನಿನ್ನ ಕೈ ಕುಲುಕುತ್ತಿದ್ದ" ಎಂದ ವಾಲ್ಟರ್. ಅವನ ಕಣ್ಣು ಒದ್ದೆಯಾಗಿತ್ತು, ಆಪರೇಷನ್ ಆದ ಕಣ್ಣೂ ಸೇರಿ. ಸರ್ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಆಮೇಲೆ ಎಲ್ಲ ಹೊರಬಂತು. ಯಾರು ಮೊದಲು ಹೇಳಿದೆವೋ ನೆನಪಿಲ್ಲ, ವಾಲ್ಟರ್ ಇಂಗ್ಲಿಷಿನಲ್ಲಿ, ನಾನು ಮೈಸೂರು ಕನ್ನಡದಲ್ಲಿ, ಒಟ್ಟಿಗೇ ಹೇಳುತ್ತಿದ್ದೆವು. ಬಂದೂಕು, ಪಂಚೆ, ತುಪ್ಪ, ಗಂಧಕದ ವಾಸನೆ. ಈ ಮನುಷ್ಯ ನನ್ನ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟಿಲ್ಲ, ಮೊಟ್ಟೆ ಎಲ್ಲಿಂದ ಬಂತು ಎಂದು ವಾಲ್ಟರ್ ಬೆಪ್ಪಾಗಿ ಕೇಳಿದ.

ಆಂಟಿ ಎಲ್ಲವನ್ನೂ ಕೇಳಿದರು. "ಹಂಗಾರ ತತ್ತಿ ತಿಂದಿಲ್ಲೇನು?" ಎಂದರು.

"ಇಲ್ಲ."

"ಬಂದೂಕ ಅಷ್ಟ?"

"ಅಷ್ಟ."

"ಅಲ್ರಿ, ಬಂದೂಕ ಅಂತ ಹೇಳಿದ್ರ ನಾ ಏನ ಅಂತಿದ್ದೆ? ನಮ್ಮಜ್ಜನ ವಾಡೇದಾಗ ಗ್ವಾಡಿಗೆ ಎರಡ ಇದ್ದುವು. ಖಂಡೇನವಮಿಗೆ ಅವಕ್ಕ ಕುಂಕುಮ ಹಚ್ಚಾಕಿ ನಾನ."

"ನೀ ಎಂದೂ ಹೇಳಿಲ್ಲಲ್ಲ."

"ನೀವ ಎಂದರ ಕೇಳೀರೇನು? ಊರಿಗೆಲ್ಲ ಮೂರ ಮೂರ ಸಲ ಕೇಳ್ತೀರಿ. ನನ್ನ ಒಂದ ಸಲನೂ ಕೇಳಿಲ್ಲ."

ಸರ್ ಹಗುರಾದ ತಪ್ಪನ್ನು ಮುಚ್ಚಿಡಲು ಭಾರವಾದ ತಪ್ಪನ್ನು ಒಪ್ಪಿಕೊಂಡು ಒಂದು ತಿಂಗಳು ಒಣ ಅನ್ನ ಉಂಡಿದ್ದರು. ಆಂಟಿ, "ಎರಡ ಹೆಜ್ಜಿ ಅಷ್ಟೇನು? ನರಳಲಿಲ್ಲಲ್ಲ?" ಎಂದು ಕೇಳಿದರು. ವಾಲ್ಟರನನ್ನು ಕೇಳಿ ಇಲ್ಲವೆಂದು ನಾನು ಹೇಳಿದೆ. ಆಂಟಿ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದರು. ಅದು ಜಿಂಕೆಗೋ, ತಿನ್ನದೆ ಹೋದ ತತ್ತಿಗೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಹೊರಗೆ ಬಂದು ವಾಷಿಂಗ್ ಮೆಷೀನಿನ ಮೇಲಿದ್ದ ತಟ್ಟೆ ಲೋಟ ಎತ್ತಿಕೊಂಡು ಒಳಗಿಟ್ಟರು. ತತ್ತಿಗಳನ್ನು ನಾನು ಮನೆಗೆ ತಂದೆ, ನನ್ನ ಗಂಡ ಆಮ್ಲೆಟ್ ಮಾಡಿಕೊಂಡು ತಿಂದ.

ವಾಲ್ಟರ್ ಹೇಳಿದಂತೆಯೇ ಅವನ ಮೊಣಕಾಲು ಮುಂದಿನ ವರ್ಷ ಗುಡ್ಡ ಹತ್ತಲಿಲ್ಲ. ಆದರೆ ಪ್ರತಿ ನವೆಂಬರಿನಲ್ಲಿ ಅವನೂ ಸರ್ ಅವರೂ ನನ್ನಿಂದ ಪುಸ್ತಕ ಇಸಿದುಕೊಂಡು ರೇಂಜಿಗೆ ಹೋಗಿ ಕಾಗದಕ್ಕೆ ಮೂರು ಗುಂಡು ಹಾರಿಸಿ ಬರುತ್ತಿದ್ದರು. ತುಪ್ಪ ಆಂಟಿಯೇ ಕಾಯಿಸಿ ಕೊಡುತ್ತಿದ್ದರು. ಸಭೆಯ ದಿನ ವಾಲ್ಟರ್ ಹಿಂದಿನ ಸಾಲಿನಲ್ಲಿ ಕೋಟು ಹಾಕಿಕೊಂಡು ಕೂತಿದ್ದ. ಒಂದು ಮಾತೂ ಅರ್ಥವಾಗದಿದ್ದರೂ ಕೊನೆಯವರೆಗೂ ಎದ್ದು ಹೋಗಲಿಲ್ಲ.

ಸಭೆ ಮುಗಿದ ಮೇಲೆ ಆಂಟಿ, "ಆ ಪುಸ್ತಕ ಅದ ಏನು ನಿನ್ನ ಹತ್ರ?" ಎಂದರು. ಕಾರಿನಲ್ಲಿತ್ತು. ಇಬ್ಬರೂ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಆ ಪುಟ ತೆರೆದೆವು. ಆಗ ನಗು ನಿಂತಿತು. ನನಗೆ ಸರ್ ಬಹಳ ಬೇಕೆನ್ನಿಸಿತು, ಬೈಯುವುದಕ್ಕಾದರೂ.

"ತತ್ತಿ: 1" ಎಂಬುದರ ಮೇಲೆ, ವಾಲ್ಟರ್ ತತ್ತಿ ತಂದ ದಿನವೇ ಸ್ಕೇಲಿಟ್ಟು ಎಳೆದ ಒಂದೇ ಗೆರೆ. ಪಕ್ಕದಲ್ಲಿ "0", ಸರ್ ಸಹಿ. ಸಾಕ್ಷಿಯ ಜಾಗದಲ್ಲಿ ಕನ್ನಡದಲ್ಲಿ ಆಂಟಿಯ ದುಂಡು ಸಹಿ. ಅದರ ಕೆಳಗಿನ ಸಾಲನ್ನು ಸರ್ ಯಾವಾಗ ಬರೆದರೋ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಹೆಂಡತಿಯ ಹೆಸರು ಬರೆದು, ಅದರ ಮುಂದೆ ಲ್ಯಾಬಿನ ಫಾರಂ ತುಂಬಿದ ಹಾಗೆ ಬರೆದಿದ್ದರು: "ಉಪಕರಣದಲ್ಲಿ ದೋಷವಿಲ್ಲ. ನಲವತ್ತು ವರ್ಷ ಓದಿದವನ ದೋಷ."